ಅಜ್ಜಿಯ ಸೀರೆ, ಅವ್ವನ ಕುಬಸ: ದೊಡ್ಡ ಅಳತೆಯ ಮೈಗೆ ಹಳೇ ಬಟ್ಟೆ ಹೊಂದಿಸುವುದು ಹೇಗೆ?

ಕಾಲೇಜಿನಲ್ಲಿ ಎಥ್ನಿಕ್ ಡೇ ಬಂದರೂ, ಮನೆಯಲ್ಲಿ ಮದುವೆ ಗೊತ್ತಾದರೂ, ದುಗ್ಗಮ್ಮನ ಜಾತ್ರೆ ಹತ್ತಿರವಾದರೂ ದಾವಣಗೆರೆಯ ಮನೆಗಳಲ್ಲಿ ಈಗ ಮೊದಲು ಕೆಳಗಿಳಿಯುವುದು ಅಟ್ಟದ ಮೇಲಿನ ಟ್ರಂಕು. ಅಜ್ಜಿಯ ಇಳಕಲ್ ಸೀರೆ, ಅವ್ವನ ಮದುವೆಯ ಮೊಳಕಾಲ್ಮೂರು ರೇಷ್ಮೆ, ಅಪ್ಪನ ಸಫಾರಿ, ಎಲ್ಲಕ್ಕೂ ಮತ್ತೆ ಬೇಡಿಕೆ ಬಂದಿದೆ. ಸೀರೆಯನ್ನು ಹೇಗೋ ಸುತ್ತಿಕೊಳ್ಳಬಹುದು. ಅದರ ಜೊತೆಗಿನ ಕುಬಸ ಮಾತ್ರ ತೋಳಿಗೇ ಏರುವುದಿಲ್ಲ. ಎದೆಸುತ್ತು 44, 46, 50 ಇಂಚು ಇರುವವರು ಅಲ್ಲಿಗೇ ಟ್ರಂಕು ಮುಚ್ಚಿಬಿಡುತ್ತಾರೆ.

ಹಾಗೆ ಮುಚ್ಚಬೇಕಾಗಿಲ್ಲ. ಹಳೇ ಬಟ್ಟೆ ಒಬ್ಬರಿಗೆ ಆಗುತ್ತದೋ ಇಲ್ಲವೋ ಎಂಬುದು ಲೇಬಲ್ಲಿನ ನಂಬರಿನಿಂದ ಗೊತ್ತಾಗುವುದಿಲ್ಲ, ಮೇಲ್ನೋಟಕ್ಕೂ ಗೊತ್ತಾಗುವುದಿಲ್ಲ. ಆ ಬಟ್ಟೆಯ ಒಳಗೆ ಬಿಚ್ಚಿಕೊಳ್ಳಲು ಇನ್ನೆಷ್ಟು ಬಟ್ಟೆ ಉಳಿದಿದೆ, ಆ ಬಟ್ಟೆಗೆ ಇನ್ನೆಷ್ಟು ಗಟ್ಟಿತನ ಉಳಿದಿದೆ ಎಂದು ನೋಡಬೇಕು. ಎರಡನ್ನೂ ಒಂದು ಟೇಪಿನಿಂದ, ಬರಿಗೈಯಿಂದ ಪರೀಕ್ಷಿಸಬಹುದು.

ವಿಂಟೇಜ್ ಎಂದರೆ ಯಾವುದು?

ಹಳೇ ಬಟ್ಟೆಯ ವ್ಯಾಪಾರದಲ್ಲಿ ನಾಲ್ಕು ಪದಗಳು ಒಂದರೊಳಗೊಂದು ಕಲಸಿಹೋಗಿವೆ. ವಿಂಟೇಜ್ ಎಂದರೆ ಸಾಮಾನ್ಯವಾಗಿ 20 ವರ್ಷಕ್ಕಿಂತ ಹಳೆಯದು. 100 ವರ್ಷ ದಾಟಿದ್ದು ಆಂಟಿಕ್. ರೆಟ್ರೋ ಎಂದರೆ ಹಳೇ ಕಾಲದ ನಮೂನೆಯಲ್ಲಿ ಈಗ ಹೊಲಿದ ಹೊಸ ಬಟ್ಟೆ. ಥ್ರಿಫ್ಟ್ ಎಂದರೆ ಬೇರೆಯವರು ಬಳಸಿದ್ದು, ಅದು ಹೋದ ವರ್ಷದ್ದೂ ಇರಬಹುದು. ಇವುಗಳ ಜೊತೆಗೆ ‘ಹಳೇ ಸ್ಟಾಕ್’ ಎಂಬುದೊಂದಿದೆ: ಹಿಂದೆ ತಯಾರಾಗಿ, ಮಾರಾಟವಾಗದೆ ಅಂಗಡಿಯ ಕಪಾಟಿನಲ್ಲೇ ಉಳಿದದ್ದು. ದೊಡ್ಡ ಅಳತೆಯವರಿಗೆ ಹೆಚ್ಚು ಉಪಯೋಗ ಇದರಿಂದಲೇ. ಯಾಕೆ ಎಂಬುದು ಮುಂದೆ ಬರುತ್ತದೆ.

ಪ್ಲಸ್ ಸೈಜ್ ಎಂಬುದಕ್ಕೆ ಎಲ್ಲರೂ ಒಪ್ಪಿದ ಗೆರೆಯಿಲ್ಲ. ನಮ್ಮ ರೆಡಿಮೇಡ್ ಅಂಗಡಿಗಳಲ್ಲಿ ಹೆಂಗಸರ ಕುರ್ತಾಗಳಿಗೆ ಹೆಚ್ಚುಕಡಿಮೆ 44 ಇಂಚಿನ ಎದೆಸುತ್ತಿನಿಂದ ಮೇಲಿನ ಅಳತೆಯನ್ನು ಹಾಗೆ ಕರೆಯುತ್ತಾರೆ.

ದೊಡ್ಡ ಅಳತೆಯ ಹಳೇ ಬಟ್ಟೆ ಯಾಕೆ ಅಪರೂಪ?

ಹಿಂದಿನ ಕಾಲದಲ್ಲಿ ಎಲ್ಲರೂ ತೆಳ್ಳಗಿದ್ದರು, ಹಾಗಾಗಿ ದೊಡ್ಡ ಬಟ್ಟೆ ಇರಲೇ ಇಲ್ಲ ಎಂದು ಅನೇಕರು ಅಂದುಕೊಂಡಿದ್ದಾರೆ. ಅದು ಸರಿಯಲ್ಲ. ತುಂಬಿದ ಮೈಯವರು ಎಲ್ಲ ಕಾಲದಲ್ಲೂ ಇದ್ದರು, ಅವರ ಬಟ್ಟೆಗಳೂ ಇದ್ದವು. ಆದರೆ ಆ ಬಟ್ಟೆಗಳು ನಮ್ಮವರೆಗೆ ಉಳಿದು ಬರಲಿಲ್ಲ.

ಟ್ರಂಕಿನಲ್ಲಿ ಜೋಪಾನವಾಗಿ ಉಳಿಯುವುದು ಮದುವೆಯ ಬಟ್ಟೆ. ಅದನ್ನು ಹೊಲಿಸಿದ್ದು ಹದಿನೆಂಟು ಇಪ್ಪತ್ತರ ವಯಸ್ಸಿನ ಮೈಗೆ. ಎರಡು ಹೆರಿಗೆಯಾದ ಮೇಲೆ ಅದೇ ಹೆಂಗಸು ಹೊಲಿಸಿದ ದೊಡ್ಡ ಕುಬಸ ದಿನಬಳಕೆಗೆ ಹೋಗಿ ಹರಿಯಿತು. ಹರಿಯದೆ ಉಳಿದ ದೊಡ್ಡ ಬಟ್ಟೆಯಲ್ಲಿ ಬಟ್ಟೆಯೇ ಹೆಚ್ಚು, ಹಾಗಾಗಿ ಕತ್ತರಿಸಿ ಮಕ್ಕಳ ಲಂಗ ಮಾಡಿದರು, ಕೊನೆಗೆ ಕೌದಿಗೆ ಸೇರಿಸಿದರು. ಮಿಕ್ಕಿದ್ದು ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರ ಗಂಟಿಗೆ ಹೋಯಿತು. ಹೀಗೆ ಗಂಟು ಸೇರಿದ ಬಟ್ಟೆಯಲ್ಲಿ ಒಂದು ಪಾಲು ಮತ್ತೆ ಮಾರಾಟವಾಗುತ್ತದೆ, ಉಳಿದದ್ದು ಒರೆಸುವ ಬಟ್ಟೆಯಾಗುತ್ತದೆ, ಇಲ್ಲವೇ ಹರಿಯಾಣದ ಪಾಣಿಪತ್ತಿನಂಥ ಕೇಂದ್ರಗಳಲ್ಲಿ ಚಿಂದಿಯಾಗಿ ಮತ್ತೆ ನೂಲಾಗುತ್ತದೆ.

ಜರಿ ಸೀರೆಗೆ ಬೇರೆಯೇ ದಾರಿಯಿದೆ. ‘ಹಳೇ ರೇಷ್ಮೆ ಸೀರೆ ಕೊಳ್ತೀವಿ’ ಎಂದು ಬರುವವರು ಲೆಕ್ಕ ಹಾಕುವುದು ಜರಿಯೊಳಗಿನ ಬೆಳ್ಳಿಯನ್ನು. ಅಸಲಿ ಜರಿ ಎಂದರೆ ರೇಷ್ಮೆ ಎಳೆಯ ಮೇಲೆ ಬೆಳ್ಳಿಯ ತೆಳು ತಂತಿ ಸುತ್ತಿ ಚಿನ್ನದ ಲೇಪ ಕೊಟ್ಟದ್ದು. ಆ ಸೀರೆಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ನೇಯ್ಗೆಗೆ, ಬಣ್ಣಕ್ಕೆ, ಉದ್ದಕ್ಕೆ ಅವರು ಬೆಲೆ ಕಟ್ಟುವುದಿಲ್ಲ. ಕೊಡುವ ಮೊದಲು ಈ ಮಾತು ನೆನಪಿರಲಿ.

ಲೇಬಲ್ಲಿನ ನಂಬರನ್ನು ಯಾಕೆ ನಂಬಬಾರದು?

ನಮ್ಮ ಹಳೇ ಬಟ್ಟೆಯಲ್ಲಿ ಬಹುಪಾಲು ಟೈಲರ್ ಹೊಲಿದದ್ದು, ಅದಕ್ಕೆ ಲೇಬಲ್ಲೇ ಇಲ್ಲ. ಲೇಬಲ್ ಇರುವುದು ಆನ್‌ಲೈನಿನಲ್ಲಿ ‘ವಿಂಟೇಜ್’ ಎಂದು ಮಾರುವ ರೆಡಿಮೇಡ್ ಬಟ್ಟೆಗೆ, ಅದರಲ್ಲೂ ಹೊರದೇಶದಿಂದ ಬಂದದ್ದಕ್ಕೆ. ಅಲ್ಲಿನ ನಂಬರುಗಳ ಹಿಂದೆ ಒಂದು ಚರಿತ್ರೆಯಿದೆ.

ಅಮೆರಿಕದಲ್ಲಿ 1939–40ರಲ್ಲಿ ಸುಮಾರು 15 ಸಾವಿರ ಹೆಂಗಸರ ಮೈ ಅಳತೆ ತೆಗೆದರು. ಆ ಅಂಕಿಗಳನ್ನು ಆಧರಿಸಿ 1958ರಲ್ಲಿ ಸರ್ಕಾರ ಒಂದು ಸೈಜ್ ಪಟ್ಟಿ ಹೊರಡಿಸಿತು. ಅದನ್ನು ಪಾಲಿಸಲೇಬೇಕೆಂಬ ಕಡ್ಡಾಯವಿರಲಿಲ್ಲ. 1983ರಲ್ಲಿ ಪಟ್ಟಿಯನ್ನೇ ಹಿಂದಕ್ಕೆ ಪಡೆದರು. ಕಂಪನಿಗಳು ಕ್ರಮೇಣ ದೊಡ್ಡ ಬಟ್ಟೆಗೆ ಸಣ್ಣ ನಂಬರು ಹಚ್ಚತೊಡಗಿದವು, ಸಣ್ಣ ನಂಬರು ಕಂಡರೆ ಕೊಳ್ಳುವವರಿಗೆ ಸಂತೋಷ. ಇದಕ್ಕೆ ವ್ಯಾನಿಟಿ ಸೈಜಿಂಗ್ ಎನ್ನುತ್ತಾರೆ. ಹಾಗಾಗಿ 1960ರ ಸುಮಾರಿನ ‘16’ ಇಂದಿನ ‘16’ಕ್ಕಿಂತ ಬಹಳ ಚಿಕ್ಕದು. ಈಗಿನ ನಂಬರು ನೋಡಿ ಆಗಿನ ಬಟ್ಟೆ ತರಿಸಿದವರಿಗೆ ಅದು ಏರುವುದೇ ಇಲ್ಲ.

ಹೊರದೇಶದ ಹಳೇ ಉಡುಪು ಹುಡುಕುವವರಿಗೆ ಎರಡು ಪದ ಉಪಯೋಗಕ್ಕೆ ಬರುತ್ತವೆ. ‘ಸ್ಟೌಟ್’ ಎಂಬುದು 20ನೇ ಶತಮಾನದ ಮೊದಲ ದಶಕಗಳಲ್ಲೇ ದಪ್ಪ ಮೈಗೆಂದು ತಯಾರಿಸಿದ ಬಟ್ಟೆಯ ಹೆಸರು. ‘ಹಾಫ್ ಸೈಜ್’ ಎಂದರೆ 18½, 22½ ಎಂದು ಅರ್ಧ ಸೇರಿಸಿ ಬರೆದ ನಂಬರು. ಅವು ಗಿಡ್ಡ ಮೈಕಟ್ಟಿನ, ಸೊಂಟ ತುಂಬಿದವರಿಗೆ ಕತ್ತರಿಸಿದವು. ಅಂಥ ಮೈಕಟ್ಟಿನವರಿಗೆ ಮಾಮೂಲಿ ನಂಬರಿಗಿಂತ ಇವು ಚೆನ್ನಾಗಿ ಕೂರಬಹುದು.

ನಮ್ಮ ದೇಶದ್ದೇ ಸೈಜ್ ಪಟ್ಟಿ ಬೇಕೆಂದು ಫ್ಯಾಷನ್ ಕಲಿಸುವ ರಾಷ್ಟ್ರೀಯ ಸಂಸ್ಥೆ ನಿಫ್ಟ್ ‘ಇಂಡಿಯಾ ಸೈಜ್’ ಯೋಜನೆ ಕೈಗೊಂಡಿತು. 6 ನಗರಗಳ 25 ಸಾವಿರ ಜನರನ್ನು ಸ್ಕ್ಯಾನರ್‌ನಿಂದ ಅಳೆಯುವುದು ಅದರ ಗುರಿಯಾಗಿತ್ತು. ಆದರೆ ಈಗಿನ ಪಟ್ಟಿ ಎಷ್ಟೇ ಚೆನ್ನಾಗಿದ್ದರೂ 1975ರ ಬಟ್ಟೆಗೆ ಅದು ಅನ್ವಯಿಸದು. ಹಳೇ ಬಟ್ಟೆಗೆ ಟೇಪು ಹಿಡಿಯಲೇಬೇಕು.

ಟೇಪು ಹಿಡಿಯುವ ಕ್ರಮ

ಮೊದಲು ಮೈ ಅಳತೆ. ಎದೆಯ ಅತಿ ತುಂಬಿದ ಭಾಗದ ಸುತ್ತು, ಸೊಂಟಸುತ್ತು, ಟೈಲರ್‌ಗಳು ‘ಸೀಟು’ ಎನ್ನುವ ಹಿಂಬದಿಯ ಅತಿ ದಪ್ಪ ಭಾಗದ ಸುತ್ತು, ಕಂಕುಳಿನ ಕೆಳಗೆ ತೋಳಿನ ಸುತ್ತು, ಹಿಂದಿನಿಂದ ಭುಜದ ಮೂಳೆಯಿಂದ ಮೂಳೆಗೆ ಇರುವ ಅಗಲ. ಒಳಗೆ ಯಾವ ಒಳಉಡುಪು ಹಾಕುತ್ತೀರೋ ಅದನ್ನೇ ಹಾಕಿಕೊಂಡು ಅಳೆಯಬೇಕು. ಅದು ಬದಲಾದರೆ ಎದೆಸುತ್ತೂ ಬದಲಾಗುತ್ತದೆ. ಸೀಟಿನ ಸುತ್ತನ್ನು ನಿಂತು ಒಮ್ಮೆ, ಕುಳಿತು ಒಮ್ಮೆ ಅಳೆದು ದೊಡ್ಡದನ್ನು ಬರೆದುಕೊಳ್ಳಿ. ಕುಳಿತಾಗ ಹೊಲಿಗೆ ಬಿರಿಯುವುದು ಈ ವ್ಯತ್ಯಾಸವನ್ನು ಮರೆತದ್ದರಿಂದ.

ಆಮೇಲೆ ಬಟ್ಟೆಯ ಅಳತೆ. ನೆಲದ ಮೇಲೆ ಹರವಿ, ಎಳೆಯದೆ, ಒಂದು ಕಂಕುಳಿನ ಹೊಲಿಗೆಯಿಂದ ಇನ್ನೊಂದಕ್ಕೆ ಅಳೆದು ಎರಡರಿಂದ ಗುಣಿಸಿದರೆ ಬಟ್ಟೆಯ ಎದೆಸುತ್ತು ಸಿಗುತ್ತದೆ.

ಮೈಯ ಅಳತೆ, ಬಟ್ಟೆಯ ಅಳತೆ ಎರಡೂ ಒಂದೇ ಇದ್ದರೆ ಸಾಲದು. ದಿಂಬಿನಷ್ಟೇ ಇರುವ ಗವಸಿನೊಳಗೆ ದಿಂಬು ಹೋಗುವುದಿಲ್ಲ, ಹೋದರೂ ಅಲುಗಾಡದು. ಆ ಹೆಚ್ಚಿನ ಜಾಗಕ್ಕೆ ಟೈಲರ್‌ಗಳು ‘ಲೂಸು’ ಎನ್ನುತ್ತಾರೆ. ಹಿಗ್ಗದ ಬಟ್ಟೆಯ ಕುಬಸಕ್ಕೆ 1ರಿಂದ 1½ ಇಂಚು, ಕುರ್ತಾ ಅಥವಾ ಶರ್ಟಿಗೆ ಎದೆಯಲ್ಲಿ 3ರಿಂದ 4 ಇಂಚು, ಸೀಟಿನಲ್ಲೂ ಅಷ್ಟೇ, ತೋಳಿಗೆ 1ರಿಂದ 2 ಇಂಚು ಲೂಸು ಬೇಕು. ಎದೆಸುತ್ತು 46 ಇದ್ದರೆ ಕುರ್ತಾ 49ರಿಂದ 50 ಇರಬೇಕು, ಅಂದರೆ ಹರವಿ ಅಳೆದಾಗ ಕಂಕುಳಿನಿಂದ ಕಂಕುಳಿಗೆ 24½ರಿಂದ 25. ಈಗಿನ ಬಟ್ಟೆಗಳಲ್ಲಿ ಹಿಗ್ಗುವ ನೂಲು ಬೆರೆತಿರುವುದರಿಂದ ಲೂಸು ಕಡಿಮೆಯಾದರೂ ನಡೆಯುತ್ತದೆ. ಹಳೇ ಪಾಪ್ಲಿನ್, ಟೆರಿಕಾಟ್, ರೇಷ್ಮೆ ಯಾವುದೂ ಹಿಗ್ಗುವುದಿಲ್ಲ.

ಭುಜದ ಅಗಲ ಹೊಂದದಿದ್ದರೆ ಆ ಬಟ್ಟೆ ಬಿಟ್ಟುಬಿಡಿ. ಉಳಿದ ಭಾಗವನ್ನೆಲ್ಲ ಬಿಚ್ಚಿ ಹಿಗ್ಗಿಸಬಹುದು, ಭುಜವನ್ನು ಹಿಗ್ಗಿಸಲು ಬಟ್ಟೆಯನ್ನು ಮತ್ತೆ ಮೊದಲಿನಿಂದ ಕತ್ತರಿಸಬೇಕಾಗುತ್ತದೆ.

ಸೀರೆಯ ಲೆಕ್ಕ

ಸೀರೆಗೆ ಸೈಜಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಕಂಬ ದಪ್ಪವಾದಷ್ಟೂ ಅದೇ ಹಗ್ಗ ಕಡಿಮೆ ಸುತ್ತು ಬರುತ್ತದೆ. ಈಗ ಎಲ್ಲರೂ ಉಡುವ ರೀತಿಯಲ್ಲಿ ಸೀರೆ ಸೊಂಟವನ್ನು ಮೊದಲು ಒಂದು ಪೂರ್ತಿ ಸುತ್ತು ಬರುತ್ತದೆ, ನೆರಿಗೆಯಾದ ಮೇಲೆ ಇನ್ನೊಂದು ಮುಕ್ಕಾಲು ಸುತ್ತು ಹೋಗುತ್ತದೆ. ಅಂದರೆ ಸೀಟಿನ ಸುತ್ತು 1 ಇಂಚು ಹೆಚ್ಚಿದರೆ ಸೀರೆಯಲ್ಲಿ 1¾ ಇಂಚು ಹೆಚ್ಚು ಖರ್ಚಾಗುತ್ತದೆ.

ಸೀಟು 36 ಇಂಚು ಇರುವವರಿಗೆ ಮೊದಲ ಸುತ್ತಿಗೆ 36, ಎರಡನೆಯದಕ್ಕೆ 27, ಎದೆಯ ಮೇಲಿಂದ ಭುಜದವರೆಗೆ 27, ಬೆನ್ನ ಮೇಲೆ ಇಳಿಬಿಡುವ ಸೆರಗಿಗೆ 36, ಒಟ್ಟು 126 ಇಂಚು ಬೇಕು. ಸೀಟು 50 ಇದ್ದರೆ 50, 38, 30, 36, ಒಟ್ಟು 154. ಹಳೇ ಸೀರೆಗಳಲ್ಲಿ ಎಷ್ಟೋ 5 ಮೀಟರಿನವು, ಅಂದರೆ 197 ಇಂಚು. 5 ಇಂಚು ಅಗಲದ ಒಂದು ನೆರಿಗೆಗೆ 10 ಇಂಚು ಬಟ್ಟೆ ಹೋಗುತ್ತದೆ. ಮೊದಲಿನವರಿಗೆ 7 ನೆರಿಗೆ ಬರುತ್ತವೆ, ಎರಡನೆಯವರಿಗೆ 4. ಉಟ್ಟವರು ‘ಸೀರೆ ಯಾಕೋ ಸಾಲ್ತಿಲ್ಲ, ಹೆಜ್ಜೆ ಹಾಕಕ್ಕೆ ಬರ್ತಿಲ್ಲ’ ಎನ್ನುವುದು ಈ ಮೂರು ನೆರಿಗೆ ಕಡಿಮೆಯಾದದ್ದಕ್ಕೆ. 5½ ಮೀಟರಿನ ಸೀರೆಯಾದರೆ ಅದೇ ಮೈಗೆ 6 ನೆರಿಗೆ ಸಿಗುತ್ತವೆ. ಆದ್ದರಿಂದ ಕೊಳ್ಳುವಾಗ ಉದ್ದವನ್ನು ಬಾಯಿಮಾತಿಗೆ ಬಿಡದೆ ಅಂಗಡಿಯಲ್ಲೇ ಟೇಪಿನಲ್ಲಿ ಅಳೆಸಬೇಕು.

ಉದ್ದ ಸಾಲದ ಸೀರೆಗೂ ಉಪಾಯವಿದೆ. ಸೆರಗಿನ ಎದುರು ತುದಿ, ಅಂದರೆ ಮೊದಲು ಸಿಕ್ಕಿಸುವ ಒಳತುದಿಗೆ, ಅದೇ ಬಣ್ಣದ ತೆಳು ಹತ್ತಿ ಬಟ್ಟೆಯನ್ನು ಮುಕ್ಕಾಲು ಗಜ, ಅಂದರೆ 27 ಇಂಚು, ಜೋಡಿಸಿ. ಮೇಲಿನ ಸುತ್ತು ಮತ್ತು ನೆರಿಗೆಗಳ ಅಡಿಯಲ್ಲಿ ಅದು ಪೂರ್ತಿ ಮುಚ್ಚಿಹೋಗುತ್ತದೆ. ಎರಡೂವರೆ ನೆರಿಗೆಯಷ್ಟು ಬಟ್ಟೆ ಸಿಕ್ಕಂತಾಯಿತು. ಜೋಡಿಸುವ ಬಟ್ಟೆಯನ್ನು ಮೊದಲೇ ಒಗೆದು ಒಣಗಿಸಿರಬೇಕು. ಇಲ್ಲವಾದರೆ ಮೊದಲ ಒಗೆತದಲ್ಲೇ ಅದು ಕುಗ್ಗಿ ಹೊಲಿಗೆ ಸುಕ್ಕಾಗುತ್ತದೆ.

ಪನ್ನ, ಅಂದರೆ ಬಟ್ಟೆಯ ಅಗಲವೂ ಮುಖ್ಯ. ತುಂಬಿದ ಹೊಟ್ಟೆ, ಸೀಟಿನ ಮೇಲೆ ಹಾದು ಇಳಿಯುವ ಬಟ್ಟೆ ಒಂದೆರಡು ಇಂಚು ಮೇಲಕ್ಕೆ ಸೇದಿಕೊಳ್ಳುತ್ತದೆ, ಪಾದದ ಬಳಿ ಸೀರೆ ಗಿಡ್ಡವಾಗುತ್ತದೆ. ಪನ್ನ 44 ಇಂಚಿಗಿಂತ ಕಡಿಮೆಯಿದ್ದರೆ ಮೇಲಂಚಿಗೆ, ಪೆಟಿಕೋಟಿನೊಳಗೆ ಸಿಕ್ಕಿಸುವ ಕಡೆ, 4 ಇಂಚಿನ ಸಾದಾ ಪಟ್ಟಿ ಹೊಲಿಸಿ. ಒಳತುದಿಯಿಂದ ನೆರಿಗೆ ಮುಗಿಯುವವರೆಗೆ ಇದ್ದರೆ ಸಾಕು.

ಇಲ್ಲಿ ನಮ್ಮ ಸೀಮೆಯವರಿಗೊಂದು ಅನುಕೂಲವಿದೆ. ಈ ಭಾಗದ ಅಜ್ಜಿಯಂದಿರು ಉಡುತ್ತಿದ್ದದ್ದು 16 ಮೊಳ, 18 ಮೊಳದ ಸೀರೆ. ಮೊಳಕ್ಕೆ 18 ಇಂಚಿನಂತೆ 16 ಮೊಳವೆಂದರೆ 8 ಗಜ, 288 ಇಂಚು. ಮೇಲೆ ಹೇಳಿದ 50 ಇಂಚಿನ ಮೈಗೆ 154 ಹೋದರೂ 134 ಇಂಚು ಮಿಕ್ಕುತ್ತದೆ. ಒಳತುದಿಯಿಂದ 1 ಮೀಟರ್ ಕತ್ತರಿಸಿ ಅದೇ ಸೀರೆಯ ಕುಬಸ ಹೊಲಿಸಿದರೂ 9 ನೆರಿಗೆಗೆ ಬಟ್ಟೆ ಇರುತ್ತದೆ. ‘ಇಷ್ಟುದ್ದ ಯಾರು ಉಡ್ತಾರೆ’ ಎಂದು ಬಹಳ ಮನೆಗಳಲ್ಲಿ ಈ ಸೀರೆಗಳನ್ನು ಪಾತ್ರೆಗೆ ಕೊಟ್ಟುಬಿಡುತ್ತಾರೆ. ದೊಡ್ಡ ಮೈಯವರಿಗೆ ಹೇಳಿ ಮಾಡಿಸಿದಂಥ ಸೀರೆ ಇದು. ಎಂಟು ಗಜ, ಒಂಬತ್ತು ಗಜದ ಇಳಕಲ್ ಕಣ್ಣಿಗೆ ಬಿದ್ದರೆ ಬಿಡಬೇಡಿ.

ಕುಬಸದೊಳಗೆ ಅಡಗಿರುವ ಬಟ್ಟೆ

ಹೆಣ್ಣುಮಕ್ಕಳ ಲಂಗಕ್ಕೆ ಹಿಂದೆ ಎರಡು ಮೂರು ಮಡಿಕೆ ಇಟ್ಟು ಹೊಲಿಸುತ್ತಿದ್ದರು. ಹುಡುಗಿ ಬೆಳೆದಂತೆ ವರ್ಷಕ್ಕೊಂದು ಮಡಿಕೆ ಬಿಚ್ಚುತ್ತಿದ್ದರು. ಕುಬಸದಲ್ಲೂ ಅಂಥದೇ ಉಳಿತಾಯವಿರುತ್ತದೆ. ಪಕ್ಕದ ಹೊಲಿಗೆಯ ಒಳಗೆ ಬಿಟ್ಟ ಆ ಬಟ್ಟೆಯನ್ನು ಟೈಲರ್‌ಗಳು ಮಾರ್ಜಿನ್ ಎನ್ನುತ್ತಾರೆ. ಹಳೇ ಕುಬಸಗಳಲ್ಲಿ ಒಂದರ ಪಕ್ಕ ಒಂದು ಎರಡು ಮೂರು ಸಾಲು ಹೊಲಿಗೆ ಕಂಡರೆ, ಹಿಂದೆಯೇ ಯಾರೋ ಬಿಚ್ಚಿಕೊಳ್ಳಲೆಂದು ಹಾಕಿಸಿದ್ದಾರೆ ಎಂದರ್ಥ.

ಕುಬಸವನ್ನು ತಿರುವಿ ಹಾಕಿ ನೋಡಿ. ಒಂದು ಪಕ್ಕದ ಹೊಲಿಗೆಯಲ್ಲಿ ಮುಂಭಾಗದ್ದೊಂದು, ಹಿಂಭಾಗದ್ದೊಂದು ಮಾರ್ಜಿನ್. ಎರಡು ಪಕ್ಕ ಸೇರಿ ನಾಲ್ಕು. ಪ್ರತಿಯೊಂದೂ 1½ ಇಂಚು ಇದ್ದರೆ, ಹೊಸ ಹೊಲಿಗೆಗೆ ಅರ್ಧ ಇಂಚು ಉಳಿಸಿಕೊಂಡು ತಲಾ 1 ಇಂಚು ಬಿಡಬಹುದು. ಒಟ್ಟು 4 ಇಂಚು ಅಗಲವಾಗುತ್ತದೆ. ಮಾರ್ಜಿನ್ 1 ಇಂಚೇ ಇದ್ದರೆ ಸಿಗುವುದು 2 ಇಂಚು. ಹೊಸ ಹೊಲಿಗೆಗೆ ಅರ್ಧ ಇಂಚಿಗಿಂತ ಕಡಿಮೆ ಉಳಿಸಬಾರದು, ಹಳೇ ಬಟ್ಟೆಯ ಅಂಚು ಎಳೆ ಬಿಚ್ಚಿಕೊಂಡು ಹೊಲಿಗೆಯೇ ಜಾರಿಬರುತ್ತದೆ. ಬಿಚ್ಚಿದ ಜಾಗದಲ್ಲಿ ಹಳೇ ಸೂಜಿ ತೂತಿನ ಸಾಲು, ಮಾಸದ ಗಾಢ ಬಣ್ಣದ ಪಟ್ಟಿ ಕಾಣುವುದು ಸಹಜ. ಅದು ಕಂಕುಳಿನ ಕೆಳಗೆ ಬರುವುದರಿಂದ ಸೆರಗು ಒಂದು ಪಕ್ಕವನ್ನು ಮರೆಮಾಡುತ್ತದೆ.

ಮಾರ್ಜಿನ್ ಸಾಲದಿದ್ದರೆ ಪಟ್ಟಿ ಕೂರಿಸಬೇಕು. ಒಟ್ಟು 6 ಇಂಚು ಬೇಕೆನ್ನಿ. ಒಂದೊಂದು ಪಕ್ಕಕ್ಕೆ 3 ಇಂಚು, ಎರಡೂ ಅಂಚಿನ ಹೊಲಿಗೆಗೆ ತಲಾ ಅರ್ಧ ಇಂಚು ಸೇರಿಸಿ 4 ಇಂಚಿನ ಪಟ್ಟಿ ಕತ್ತರಿಸಬೇಕು. ಕುಬಸದ ಕೆಳ ಅಂಚಿನಿಂದ ಹಿಡಿದು ಕಂಕುಳು ಹಾದು ತೋಳಿನ ತುದಿಯವರೆಗೆ ಒಂದೇ ಉದ್ದನೆಯ ಪಟ್ಟಿಯಾಗಿ ಕೂರಿಸಿದರೆ ಎದೆ, ತೋಳು ಎರಡೂ ಒಟ್ಟಿಗೆ ಸಡಿಲವಾಗುತ್ತವೆ. ತೋಳಿಗೆ ಅಷ್ಟು ಬೇಡವಾದರೆ ಆ ತುದಿಗೆ ಹೋಗುತ್ತಾ ಪಟ್ಟಿಯನ್ನು ಕಿರಿದಾಗಿಸಬೇಕು. ಪಟ್ಟಿಗೆ ಗುಳೇದಗುಡ್ಡದ ಖಣ ಚೆನ್ನಾಗಿ ಒಪ್ಪುತ್ತದೆ, ಬೇಕೆಂದೇ ಮಾಡಿಸಿದ ನಮೂನೆಯಂತೆ ಕಾಣುತ್ತದೆ.

ಹೆಚ್ಚಾಗಿ ತಪ್ಪಾಗುವುದು ಕಂಕುಳಿನಲ್ಲಿ. ಅಲ್ಲಿ ಬಿಗಿಯಾದರೆ ಕೆಲವರು ಕಂಕುಳಿನ ಕತ್ತರಿಕೆಯನ್ನು ಇನ್ನಷ್ಟು ಕೆಳಕ್ಕೆ ಕೊರೆಯುತ್ತಾರೆ. ನಿಂತಾಗ ಹಗುರವೆನಿಸುತ್ತದೆ. ಕೈ ಎತ್ತಿದರೆ ಇಡೀ ಕುಬಸ ಮೇಲೇರುತ್ತದೆ, ತೋಳು ಬೇರು ಬಿಟ್ಟಿರುವ ಜಾಗವೇ ಕೆಳಗಿಳಿದಿರುತ್ತದೆಯಲ್ಲ. ಕೊರೆಯುವ ಬದಲು ಪಕ್ಕದ ಹೊಲಿಗೆ ಮತ್ತು ತೋಳಿನ ಹೊಲಿಗೆ ಸೇರುವ ಮೂಲೆಯಲ್ಲಿ 3ರಿಂದ 4 ಇಂಚಿನ ಚೌಕ ತುಂಡನ್ನು ವಜ್ರಾಕಾರವಾಗಿ ಕೂರಿಸಬೇಕು. ಹಳೇ ಜುಬ್ಬಾಗಳ ಕಂಕುಳಲ್ಲಿ ಇಂಥದೇ ತುಂಡು ಇರುತ್ತದೆ. ಟೈಲರ್‌ಗೆ ಒಂದು ಹಳೇ ಜುಬ್ಬಾ ತೋರಿಸಿ ‘ಅಣ್ಣಾ, ಕಂಕುಳ ಕೊರೀಬ್ಯಾಡ್ರಿ, ಹಿಂಗೆ ಚೌಕ ಕೂರಿಸ್ರಿ’ ಎಂದರೆ ಸಾಕು.

ಪಕ್ಕ ಸಡಿಲ ಮಾಡಿದ ಮೇಲೂ ಹುಕ್ಕುಗಳ ನಡುವೆ ಬಾಯಿ ಬಿಟ್ಟುಕೊಂಡರೆ, ಎದೆಯ ತುದಿಯಿಂದ ಹುಕ್ಕಿನ ಕಡೆಗೆ ಅಡ್ಡ ಸುಕ್ಕು ಎಳೆದರೆ, ಕೊರತೆ ಇರುವುದು ಮುಂಭಾಗದಲ್ಲಿ. ಅದಕ್ಕೆ ಪಕ್ಕದಲ್ಲಿ ಎಷ್ಟು ಬಟ್ಟೆ ಸೇರಿಸಿದರೂ ಪ್ರಯೋಜನವಿಲ್ಲ. ಹುಕ್ಕಿನ ಪಟ್ಟಿಯನ್ನು ಎರಡೂ ಕಡೆ ಮುಕ್ಕಾಲು ಇಂಚಿನಷ್ಟು ಮುಂದಕ್ಕೆ ಬೆಳೆಸಬೇಕು, ಹುಕ್ಕುಗಳನ್ನು ಒಂದೊಂದು ಇಂಚಿಗೆ ಹಾಕಬೇಕು. ಹಳೇ ಕಬ್ಬಿಣದ ಹುಕ್ಕು ತುಕ್ಕು ಹಿಡಿದಿದ್ದರೆ ತೆಗೆಸಿ, ತುಕ್ಕು ಸುತ್ತಲಿನ ಎಳೆಯನ್ನೂ ತಿನ್ನುತ್ತದೆ.

ಕುಬಸಕ್ಕೂ ಮೈಗೂ 8 ಇಂಚಿಗಿಂತ ಹೆಚ್ಚು ಅಂತರವಿದ್ದರೆ ಬಿಚ್ಚುವ ಗೋಜಿಗೆ ಹೋಗದಿರುವುದು ಒಳ್ಳೆಯದು. ಅಷ್ಟಕ್ಕೆ ಕತ್ತು, ಭುಜ, ಎದೆಯ ಆಕಾರಕ್ಕೆ ಹಿಡಿದ ಮಡಿಕೆ (ಡಾಟು) ಎಲ್ಲವೂ ತಪ್ಪಿದ ಜಾಗದಲ್ಲಿರುತ್ತವೆ. ಹೊಸ ಕುಬಸ ಹೊಲಿಸಿ, ಹಳೆಯದರ ಕಸೂತಿಯನ್ನೋ ಜರಿ ಅಂಚನ್ನೋ ಅದರ ತೋಳಿಗೆ ಇಳಿಸಬಹುದು. ಹೊಸದಕ್ಕೆ ಅಂಗಡಿಯ 80 ಸೆಂಟಿಮೀಟರ್ ಬ್ಲೌಸ್ ಪೀಸ್ ಸಾಲದು. ಎದೆಸುತ್ತು 46, ಮೊಣಕೈವರೆಗಿನ ತೋಳು ಎಂದರೆ 44 ಇಂಚು ಪನ್ನದ ಬಟ್ಟೆ 1¼ ಮೀಟರ್ ಬೇಕು. ಖಣದ ಪನ್ನ ಕಿರಿದು, ಹಾಗಾಗಿ ಅದು ಇನ್ನೂ ಹೆಚ್ಚು ಬೇಕಾಗುತ್ತದೆ. ಹೊಲಿಸುವಾಗ ‘ಒಳಗೆ ಒಂದೂವರೆ ಇಂಚು ಬಿಡ್ರಿ’ ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಓವರ್‌ಲಾಕ್ ಮಾಡುವಾಗ ಮಾರ್ಜಿನ್ ಕತ್ತರಿಸಿಹೋಗುತ್ತದೆ.

ಹಳೇ ಬಟ್ಟೆಗೆ ಮಷಿನ್ನಿನ ಸೂಜಿ 11 ನಂಬರಿನದಿರಲಿ, ಹೊಲಿಗೆ ಇಂಚಿಗೆ 8ರಿಂದ 10. ಒತ್ತೊತ್ತಾಗಿ ಹೊಲಿದರೆ ಅಂಚೆಚೀಟಿ ಹಾಳೆಯ ತೂತುಗಳಂತಾಗಿ ಅದೇ ಗೆರೆಯಲ್ಲಿ ಬಟ್ಟೆ ಹರಿಯುತ್ತದೆ. ದಾರವೂ ಹತ್ತಿಯದೇ ಇರಬೇಕು. ಪಾಲಿಯೆಸ್ಟರ್ ದಾರ ಬಟ್ಟೆಗಿಂತ ಗಟ್ಟಿ, ಎಳೆತ ಬಿದ್ದಾಗ ದಾರ ಉಳಿದು ಬಟ್ಟೆ ಸೀಳುತ್ತದೆ. ಲೈನಿಂಗ್ ಕೊಡುವುದಾದರೆ ಅದನ್ನು ಮೇಲಿನ ಬಟ್ಟೆಗಿಂತ ಸುತ್ತಳತೆಯಲ್ಲಿ ಅರ್ಧ ಇಂಚು ಬಿಗಿ ಕತ್ತರಿಸಬೇಕು, ಆಗ ಮೈಯ ಎಳೆತವನ್ನೆಲ್ಲ ಲೈನಿಂಗ್ ಹೊರುತ್ತದೆ.

ಎಲ್ಲಿ ಹುಡುಕಬೇಕು?

ಮೊದಲು ಸ್ವಂತ ಬಳಗ. ಅಜ್ಜಿ, ಸೋದರತ್ತೆ, ದೊಡ್ಡವ್ವ, ಯಾರ ಮೈಕಟ್ಟು ನಿಮ್ಮದನ್ನು ಹೋಲುತ್ತಿತ್ತೋ ಅವರ ಟ್ರಂಕು ಕೇಳಿ. ಮದುವೆಯ ಬಟ್ಟೆ ಬಿಟ್ಟು ನಲವತ್ತು ದಾಟಿದ ಮೇಲಿನ ಬಟ್ಟೆ ಇದೆಯೇ ಎಂದು ಕೇಳಬೇಕು. ಕೌದಿ ಹೊಲಿಯುವವರ ಬಳಿ ಇನ್ನೂ ಕತ್ತರಿಸದ ಸೀರೆಗಳಿರುತ್ತವೆ.

ಎರಡನೆಯದು ಹಳೇ ಸ್ಟಾಕ್. ದಾವಣಗೆರೆಯನ್ನು ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲವಿತ್ತು. ಬಟ್ಟೆ ವ್ಯಾಪಾರ ಇಲ್ಲಿ ಹಳೆಯದು. ಚೌಕಿಪೇಟೆಯಲ್ಲೋ ಚಿತ್ರದುರ್ಗದ ಲಕ್ಷ್ಮೀ ಬಜಾರಿನಲ್ಲೋ ತಲೆಮಾರಿನಿಂದ ನಡೆಯುವ ಅಂಗಡಿಗಳಲ್ಲಿ ‘ಹಳೇ ಸ್ಟಾಕಿನ ಥಾನು ಏನಾರ ಉಳಿದೈತೇನ್ರಿ?’ ಎಂದು ಕೇಳಿ ನೋಡಬಹುದು. ಹೊಲಿದ ಬಟ್ಟೆಗೆ ಸೈಜ್ ಇರುತ್ತದೆ, ಥಾನಿಗೆ, ಅಂದರೆ ಕತ್ತರಿಸದ ಬಟ್ಟೆಯ ಸುರುಳಿಗೆ, ಇರುವುದಿಲ್ಲ. ಹಳೇ ಕಾಲದ ಬಟ್ಟೆಯನ್ನೇ ನಿಮ್ಮ ಅಳತೆಗೆ ಮೊದಲ ಬಾರಿ ಕತ್ತರಿಸಿದಂತಾಗುತ್ತದೆ. ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿರುತ್ತದೆ, ಆದ್ದರಿಂದ ಲೆಕ್ಕಕ್ಕಿಂತ ಅರ್ಧ ಮೀಟರ್ ಹೆಚ್ಚು ಕೊಳ್ಳಿ.

ಆನ್‌ಲೈನಿನಲ್ಲಾದರೆ ‘ಫ್ರೀ ಸೈಜ್’ ಎಂಬ ಮಾತಿಗೆ ಒಪ್ಪಬೇಡಿ. ಹರವಿ ಅಳೆದ ಎದೆ, ಸೀಟು, ತೋಳು, ಭುಜ, ಉದ್ದ ಇಷ್ಟನ್ನೂ ಟೇಪು ಕಾಣುವಂತೆ ಫೋಟೋದಲ್ಲಿ ಕೇಳಿ. ಒಳಗಿನ ಮಾರ್ಜಿನ್ನಿನದೊಂದು, ಬೆಳಕಿಗೆ ಹಿಡಿದದ್ದೊಂದು ಫೋಟೋ ಇರಲಿ.

ಗಂಡಸರ ಬಟ್ಟೆಯ ಬಗ್ಗೆ ಎರಡು ಮಾತು. ಟೈಲರ್ ಹೊಲಿದ ಹಳೇ ಪ್ಯಾಂಟಿನ ಹಿಂಭಾಗದ ನಡು ಹೊಲಿಗೆಯಲ್ಲಿ ಮಾರ್ಜಿನ್ ಇರುತ್ತದೆ, ಸೊಂಟದಲ್ಲಿ 2 ಇಂಚಿನವರೆಗೆ ಬಿಡಬಹುದು. ಸಫಾರಿ ಮತ್ತು ಶರ್ಟಿಗೆ ಕುಬಸದಂತೆಯೇ ಪಕ್ಕದ ಪಟ್ಟಿ ನಡೆಯುತ್ತದೆ. ಹೊಟ್ಟೆಯ ಬಳಿ ಮಾತ್ರ ಬಿಗಿಯಿದ್ದರೆ ಗುಂಡಿ ಹಾಕದೆ, ಒಳಗೆ ಬಿಳಿ ಬನಿಯನ್ ಹಾಕಿ ಮೇಲಂಗಿಯಂತೆ ತೊಡಬಹುದು.

ಬಟ್ಟೆಗೆ ಇನ್ನೆಷ್ಟು ಜೀವವಿದೆ?

ದೊಡ್ಡ ಮೈಯ ಮೇಲೆ ಬಟ್ಟೆಗೆ ಎಳೆತ ಹೆಚ್ಚು, ಆದ್ದರಿಂದ ಈ ಪರೀಕ್ಷೆ ಬಿಡುವಂತಿಲ್ಲ. ಬಟ್ಟೆಯನ್ನು ಬಿಸಿಲಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಅಲ್ಲಲ್ಲಿ ಕಂಡರೆ ಹುಳ ತಿಂದಿದೆ, ಮಡಿಕೆಯ ಗೆರೆಯುದ್ದಕ್ಕೂ ಕಂಡರೆ ಎಳೆ ಮುರಿದಿದೆ. ಆಮೇಲೆ ಎರಡೂ ಹೆಬ್ಬೆರಳನ್ನು ಒಂದು ಇಂಚು ಅಂತರದಲ್ಲಿಟ್ಟು ಮೆಲ್ಲಗೆ ಎಳೆಯಿರಿ, ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ಒಣಗಿದ ಎಲೆಯಂತೆ ಚರಚರ ಸದ್ದು ಬಂದರೆ ರಫೂ ಮಾಡಿಸಿದರೂ ನಿಲ್ಲದು. ಕಂಕುಳು, ಸೆರಗಿನ ಭುಜದ ಜಾಗ, ನೆರಿಗೆ ಸಿಕ್ಕಿಸುವ ಜಾಗ ಇವೇ ಮೊದಲು ಸೋಲುವುದು.

ಯಾವ ನೂಲು ಎಂದು ಗೊತ್ತಾಗದಿದ್ದರೆ ಒಳ ಅಂಚಿನ ಎರಡು ಎಳೆ ಕಿತ್ತು ಚಿಮುಟದಲ್ಲಿ ಹಿಡಿದು ಸುಡಿ. ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹಳೇ ಪಾಲಿಯೆಸ್ಟರ್ ಬಹಳ ಗಟ್ಟಿ, ಆದರೆ ಬೆವರು ಹೀರುವುದಿಲ್ಲ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಅದು ಹೇಳಿದ್ದಲ್ಲ.

ಉಡುವ ದಿನ ಮತ್ತು ಆಮೇಲೆ

ಪೆಟಿಕೋಟಿನ ತೆಳು ಲಾಡಿ ತುಂಬಿದ ಸೊಂಟವನ್ನು ಕೊರೆಯುತ್ತದೆ, ಸೀರೆಯ ಭಾರವೆಲ್ಲ ಅದೊಂದೇ ಗೆರೆಯ ಮೇಲೆ ಬೀಳುತ್ತದೆ. 2 ಇಂಚಿನ ಅಗಲ ಪಟ್ಟಿ, ಪಕ್ಕದಲ್ಲಿ ಹುಕ್ಕು ಇರುವ ಪೆಟಿಕೋಟು ಹೊಲಿಸಿ. ತೊಡೆ ಉಜ್ಜಿ ಉರಿಯದಂತೆ ಒಳಗೆ ಮೊಣಕಾಲವರೆಗಿನ ಹತ್ತಿ ಚಡ್ಡಿ ಇರಲಿ. ಪಿನ್ನನ್ನು ಹಳೇ ರೇಷ್ಮೆಗೆ ನೇರ ಚುಚ್ಚಬೇಡಿ. ಅಡಿಯಲ್ಲಿ ಎರಡು ಪದರ ಹತ್ತಿ ತುಂಡು ಇಟ್ಟು ಅದರ ಸಮೇತ ಚುಚ್ಚಿದರೆ ಸೆರಗಿನ ಭಾರಕ್ಕೆ ಎಳೆ ಸೀಳುವುದಿಲ್ಲ. ಕಂಕುಳಿಗೆ ಬೆವರು ಹೀರುವ ಪ್ಯಾಡ್ ಹಾಕಿ, ಬೆವರು ರೇಷ್ಮೆಯನ್ನೂ ಜರಿಯನ್ನೂ ಒಟ್ಟಿಗೆ ಕೆಡಿಸುತ್ತದೆ.

ಕಳಚಿದ ಕೂಡಲೇ ಮಡಿಚದೆ ನೆರಳಲ್ಲಿ ಒಂದು ರಾತ್ರಿ ಗಾಳಿಗೆ ಹರವಿ. ಹತ್ತಿಯನ್ನು ತೊಳೆಯುವ ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಒಳ ಅಂಚನ್ನು ಒತ್ತಿ ಬಣ್ಣ ಬಿಡುತ್ತದೆಯೇ ನೋಡಿ. ನಮ್ಮ ಕಡೆಯ ಬೋರಿನ ನೀರು ಗಡುಸು, ಸೋಪು ಪೂರ್ತಿ ಹೋಗದೆ ಬಿಳಿ ಪೊರೆಯಂತೆ ಕೂರುತ್ತದೆ. ಕೊನೆಯ ಜಾಲಾಟಕ್ಕೆ ಮಳೆನೀರೋ ಆರ್‌ಒ ಫಿಲ್ಟರ್ ನೀರೋ ಬಳಸಿ. ಹಿಂಡಬೇಡಿ, ಟವೆಲ್ಲಿನಲ್ಲಿ ಸುತ್ತಿ ಒತ್ತಿ. ಜರಿ ಸೀರೆಯನ್ನು ಡ್ರೈ ಕ್ಲೀನಿಂಗಿಗೆ ಕೊಡಿ. ಎಳೆ ಸೋತ ರೇಷ್ಮೆಗೆ ರೋಲ್ ಪಾಲಿಶ್ ಮಾಡಿಸಬೇಡಿ, ರೋಲರಿನ ಎಳೆತಕ್ಕೇ ಅದು ಸೀಳಬಹುದು.

ಸಂತೆಯಲ್ಲೋ ಆನ್‌ಲೈನಿನಲ್ಲೋ ಕೊಂಡದ್ದನ್ನು ಮನೆಯ ಬಟ್ಟೆಗಳ ಜೊತೆ ಇಡುವ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಹುಳ, ಮೊಟ್ಟೆ ಸಾಯುತ್ತವೆ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ತಣ್ಣನೆಯ ಬಟ್ಟೆಯ ಮೇಲೆ ನೀರು ಇಳಿಯುತ್ತದೆ. ಎತ್ತಿಡುವುದು ಒಗೆದ ಹಳೇ ಬಿಳಿ ಪಂಚೆಯಲ್ಲಿ ಸುತ್ತಿ. ಮೂರು ತಿಂಗಳಿಗೊಮ್ಮೆ ಬಿಚ್ಚಿ ಮಡಿಕೆಯ ಜಾಗ ಬದಲಿಸಿ, ಡಾಂಬರು ಗುಳಿಗೆ ಜರಿಗೆ ತಾಗದಿರಲಿ.

ಬಿಚ್ಚಿ ಹೊಲಿಸಿದ ಕುಬಸದ ಒಳಗೆ ಎರಡು ಇಂಚಿನ ಹತ್ತಿ ಪಟ್ಟಿಯೊಂದನ್ನು ಹೊಲಿದು, ನೀರಿಗೆ ಹೋಗದ ಪೆನ್ನಿನಲ್ಲಿ ಬಿಚ್ಚಿದ ವರ್ಷ, ಈಗಿನ ಎದೆಸುತ್ತು, ಒಳಗೆ ಇನ್ನೂ ಉಳಿದಿರುವ ಮಾರ್ಜಿನ್ ಎಷ್ಟು ಎಂದು ಬರೆದಿಡಿ. ಮುಂದಿನ ಬಾರಿ ಬಿಚ್ಚುವವರು ಹೊಲಿಗೆ ಕಿತ್ತು ನೋಡಬೇಕಾಗಿ ಬರುವುದಿಲ್ಲ.